ಮಳೆಗಾಲದಲ್ಲಿ ಕರುಳಿನ ಬ್ಯಾಕ್ಟೀರಿಯಾ ಮತ್ತು ಮನಸ್ಸಿನ ಆರೈಕೆ: ಕೊಡಗಿನ ಅಡುಗೆಮನೆಗೊಂದು ಕೈಪಿಡಿ

ಜೂನ್‌ ತಿಂಗಳಿನಿಂದ ಸೂರ್ಯನ ಮುಖವೇ ಅಪರೂಪವಾಗುವ ಕೊಡಗಿನಲ್ಲಿ ಮನಸ್ಸಿಗೆ ಮಂಕು ಕವಿದರೆ ಎಲ್ಲರೂ ಮಳೆಯನ್ನೇ ದೂರುತ್ತಾರೆ. ಅದೇ ದಿನಗಳಲ್ಲಿ ಊಟದಲ್ಲಿ ಏನು ಕಡಿಮೆಯಾಯಿತೆಂದು ನೋಡುವವರು ವಿರಳ. ನಮಗೆ ಜೀರ್ಣವಾಗದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ, ಕರುಳಿನ ಒಳಪದರವನ್ನು ಪೋಷಿಸುವ ಮತ್ತು ಉರಿಯೂತವನ್ನು ತಗ್ಗಿಸುವ ಬ್ಯುಟಿರೇಟ್‌ನಂತಹ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಸ್ಥಿತಿಗತಿ ವೇಗಸ್ ನರದ ಮೂಲಕ ಮಿದುಳಿಗೆ ತಲುಪುತ್ತದೆ. ಆ ನರದ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಸಂದೇಶ ಒಯ್ಯುವುದು ಮಿದುಳಿನ ಕಡೆಗೇ. ಮನಸ್ಸಿನ ಲಹರಿಯೊಂದಿಗೆ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ದೇಹದ ಶೇ. 90ರಷ್ಟು ಕರುಳಿನಲ್ಲಿ ಉತ್ಪತ್ತಿಯಾಗುತ್ತದೆಂಬುದು ನಿಜವಾದರೂ ಅದು ರಕ್ತದಿಂದ ಮಿದುಳಿನೊಳಕ್ಕೆ ದಾಟುವುದಿಲ್ಲ; ಹಾಗಾಗಿ ಸಂತೋಷವನ್ನೇ ಡಬ್ಬಿಯಲ್ಲಿ ಮಾರುವ ಜಾಹೀರಾತುಗಳನ್ನು ನಂಬಬೇಕಿಲ್ಲ.

ಮೊದಲು ನಾರಿನ ಕಡೆ ಗಮನ ಕೊಡಿ. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯವೇ ಆಗಿರುವುದರಿಂದ ಜೊತೆಯ ಪದಾರ್ಥದಲ್ಲಿ ಕಾಳು, ಸೊಪ್ಪು, ಗೆಡ್ಡೆ ಇರಲೇಬೇಕು: ಹುರುಳಿ, ಹಲಸಂದೆ, ಕೆಸು, ಬಾಳೆಕಾಯಿ, ಕಣಿಲೆ (ಎಳೆ ಬಿದಿರಿನ ಮೊಳಕೆ). ಕಣಿಲೆಯನ್ನು ಮಾತ್ರ ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಹಾಕಿ, ಚೆನ್ನಾಗಿ ಬೇಯಿಸಿದ ಮೇಲೆಯೇ ಬಳಸಬೇಕು, ಏಕೆಂದರೆ ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಿಷವಿರುತ್ತದೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ. ಒಂದೆರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು ಒಳ್ಳೆಯದು.

ಎರಡನೆಯದು ಜೀವಂತ ಬ್ಯಾಕ್ಟೀರಿಯಾ ಇರುವ ಆಹಾರ. ಮಡಿಕೇರಿಯ ಚಳಿಗೆ ಹಾಲು ರಾತ್ರಿ ಕಳೆದರೂ ಹೆಪ್ಪುಗಟ್ಟದೆ ನೀರುನೀರಾಗಿಯೇ ಉಳಿಯುವುದುಂಟು. ಕಾಯಿಸಿದ ಹಾಲು ಬೆರಳಿಗೆ ಬೆಚ್ಚಗೆನಿಸುವಷ್ಟು ಆರಿದಾಗ, ಬೇಸಿಗೆಗಿಂತ ತುಸು ಹೆಚ್ಚು ಹೆಪ್ಪು ಹಾಕಿ ಕಲಕಿ, ಪಾತ್ರೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಬೆಂಕಿ ಆರಿದ ಒಲೆಯ ಪಕ್ಕದಲ್ಲಿಡಿ, ಅಲುಗಾಡಿಸಬೇಡಿ. ಹೀಗೆ ಮಾಡಿದ ಮೊಸರನ್ನು ಕುದಿಸಿ ಮಜ್ಜಿಗೆಹುಳಿ ಮಾಡಿದರೆ ರುಚಿ ಇರುತ್ತದೆ, ಬ್ಯಾಕ್ಟೀರಿಯಾ ಇರುವುದಿಲ್ಲ. ಕಾಚಂಪುಳಿಯೂ ಹಾಗೆಯೇ: ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಬತ್ತಿಸಿದ ಅದರ ಹುಳಿಗೆ ಪಂದಿ ಕರಿಯಲ್ಲಿ ಪರ್ಯಾಯವಿಲ್ಲದಿದ್ದರೂ ಕರುಳಿಗೆ ಜೀವಾಣು ಒದಗಿಸುವ ಕೆಲಸ ಅದರದ್ದಲ್ಲ.

ನೆಗಡಿ ಬಂದಾಗಲೆಲ್ಲ ಔಷಧದಂಗಡಿಯಿಂದ ಆಂಟಿಬಯೋಟಿಕ್ ಕೇಳಿ ತರುವ ಅಭ್ಯಾಸವನ್ನು ಬಿಡಬೇಕು. ನೆಗಡಿಯ ವೈರಸ್ಸಿಗೆ ಅದು ತಾಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳಿಗೆ ತಾಗುತ್ತದೆ. ವೈದ್ಯರು ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ.

ಇದರಿಂದ ಎಷ್ಟು ಫಲ ನಿರೀಕ್ಷಿಸಬಹುದು? 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಖಿನ್ನತೆಯಿದ್ದ 67 ಮಂದಿ ಪಾಲ್ಗೊಂಡಿದ್ದರು. 12 ವಾರ ಆಹಾರ ಸುಧಾರಿಸಿಕೊಂಡ ಗುಂಪಿನಲ್ಲಿ ಸುಮಾರು ಮೂರನೇ ಒಂದು ಭಾಗದವರು ಖಿನ್ನತೆಯಿಂದ ಹೊರಬಂದರು. ಪ್ರಯೋಗ ಚಿಕ್ಕದು, ಮತ್ತು ಅವರಲ್ಲಿ ಬಹುಪಾಲು ಜನ ಔಷಧ ಅಥವಾ ಆಪ್ತಸಮಾಲೋಚನೆಯನ್ನು ಮುಂದುವರಿಸಿಕೊಂಡೇ ಇದ್ದರು. ಆದ್ದರಿಂದ ಮೊಸರನ್ನು ನೆಚ್ಚಿ ಮಾತ್ರೆ ನಿಲ್ಲಿಸಬಾರದು. ನಿದ್ದೆ, ಹಸಿವು, ಕೆಲಸದ ಆಸಕ್ತಿ ಎರಡು ವಾರ ಕಳೆದರೂ ಮರಳದಿದ್ದರೆ ಮನೋವೈದ್ಯರನ್ನು ಕಾಣಿ. ರಸ್ತೆಗೆ ಮರ ಬಿದ್ದು ಪೇಟೆಗೆ ಹೋಗಲಾಗದ ದಿನ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.