ಯೂಟಾದ ಕ್ಯಾನ್ಯನ್‌ಗಳಲ್ಲಿ ಒಂದು ರಾತ್ರಿ: ಮೊದಲು ನೀರಿನ ಲೆಕ್ಕ ಹಾಕಿ

ಅಮೆರಿಕದಲ್ಲಿರುವ ನಮ್ಮವರು ಯೂಟಾ ರಾಜ್ಯಕ್ಕೆ ಹೋದರೆ ಆರ್ಚಸ್ ನ್ಯಾಷನಲ್ ಪಾರ್ಕ್ ನೋಡಿ, ಫೋಟೊ ತೆಗೆದುಕೊಂಡು ವಾಪಸ್ ಹೊರಟುಬಿಡುತ್ತಾರೆ. ಇನ್ನೊಂದು ದಿನ ರಜೆ ಹಾಕಿ ಅದೇ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ಪಾರ್ಕಿನ ನೀಡಲ್ಸ್ ಅನ್ನೋ ಭಾಗದ ಕಡೆ ಹೋಗಿ. ಮೋಆಬ್ ಊರಿನಿಂದ ಸುಮಾರು 120 ಕಿಲೋಮೀಟರ್. ಎಲಿಫೆಂಟ್ ಹಿಲ್‌ನಲ್ಲಿ ಕಾರು ನಿಲ್ಲಿಸಿ ನಡೆದರೆ ಕೆಂಪು-ಬಿಳಿ ಪಟ್ಟೆಯ ಕಲ್ಲಿನ ಕಂಬಗಳು ಚೆಸ್ಲರ್ ಪಾರ್ಕಿನ ಹುಲ್ಲುಗಾವಲನ್ನು ಸುತ್ತುವರಿದು ನಿಂತಿರೋದು ಕಾಣುತ್ತದೆ. ಅದು ಕಾಣುವ ಜಾಗಕ್ಕೆ ಹೋಗಿಬರಲು ಸುಮಾರು 9 ಕಿ.ಮೀ. ರಾತ್ರಿ ಉಳಿಯಲು ಪರ್ಮಿಟ್ ಬೇಕೇ ಬೇಕು, ಮೊದಲೇ ಬುಕ್ ಮಾಡಿ.

ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ. ಹಗಲು ಎಷ್ಟು ಬೆಚ್ಚಗಿದ್ದರೂ ರಾತ್ರಿ ಚಳಿ ಹಿಡಿಯುತ್ತದೆ, ಸ್ವೆಟರ್, ಟೋಪಿ ಮರೆಯಬೇಡಿ.

ಈಗ ನೀರು. ಒಬ್ಬರಿಗೆ ದಿನಕ್ಕೆ 4 ಲೀಟರ್. ಎರಡು ದಿನಕ್ಕೆ 8 ಲೀಟರ್ ಅಂದರೆ ಬೆನ್ನ ಮೇಲೆ 8 ಕಿಲೋ, ಅದಕ್ಕೇ ಉಳಿದ ಸಾಮಾನು ಆದಷ್ಟು ಕಡಿಮೆ ಮಾಡಿ, ನೀರು ಮಾತ್ರ ಕಡಿಮೆ ಮಾಡಬೇಡಿ. ದಾರಿಯಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೊರಡಲೇಬೇಡಿ. ಬಂಡೆಯ ಗುಂಡಿಗಳಲ್ಲಿ ಮಳೆನೀರು ನಿಂತಿರುತ್ತದೆ, ಬಗ್ಗಿ ನೋಡಿದರೆ ಸೀಗಡಿಯಂಥ ಪುಟ್ಟ ಜೀವಿಗಳು ಓಡಾಡುತ್ತಿರಬಹುದು. ಅವುಗಳ ಮೊಟ್ಟೆ ಎಷ್ಟೋ ಕಾಲ ಒಣಗಿ ಬಿದ್ದಿದ್ದು, ಮಳೆ ಬಂದಾಗ ಒಡೆಯುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಅದರಲ್ಲಿ ಅದ್ದಬೇಡಿ.

ಬರೀ ನೀರು ಕುಡಿದರೂ ಸಾಲದು. ಮೊದಲ ಸಲ ನಾನು ಏನೂ ತಿನ್ನದೆ ನೀರು ಕುಡಿಯುತ್ತಲೇ ನಡೆದೆ, ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಕರಿಕೆ ಶುರುವಾಯಿತು. ಬೆವರಿನಲ್ಲಿ ಉಪ್ಪು ಹೋಗುತ್ತದಲ್ವಾ, ಅದನ್ನು ತುಂಬಬೇಕು. ಓಆರ್‌ಎಸ್ ಪುಡಿ, ಖಾರದ ಕಡಲೆಬೀಜ ಜೇಬಿನಲ್ಲೇ ಇರಲಿ.

ಊಟಕ್ಕೆ ಗೊಜ್ಜವಲಕ್ಕಿಯಷ್ಟು ಅನುಕೂಲ ಬೇರೆ ಇಲ್ಲ. ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ, ಸಾರಿನ ಪುಡಿ, ಬೆಲ್ಲ, ಉಪ್ಪು, ಒಣಕೊಬ್ಬರಿ ಬೆರೆಸಿ ಜಿಪ್ ಚೀಲಕ್ಕೆ ಹಾಕಿ. ಹುಣಸೆ ಗೊಜ್ಜು ಪುಟ್ಟ ಡಬ್ಬಿಯಲ್ಲಿ ಬೇರೆ ಇರಲಿ. ಸಂಜೆ ಗೊಜ್ಜನ್ನು ಒಂದು ಲೋಟ ತಣ್ಣೀರಲ್ಲಿ ಕಲಸಿ ಚೀಲಕ್ಕೇ ಸುರಿದು, ಹೊರಗಿನಿಂದ ಮೆತ್ತಗೆ ಹಿಸುಕಿ ಇಪ್ಪತ್ತು ನಿಮಿಷ ಬಿಡಿ. ಒಲೆ ಬೇಡ, ಪಾತ್ರೆ ತೊಳೆಯೋಕೆ ನೀರೂ ಬೇಡ. ಬೆಂಕಿ ಹಾಕುವ ಹಾಗಿಲ್ಲ ಅನ್ನೋದೂ ನೆನಪಿರಲಿ.

ನೀರಿಲ್ಲದ ಈ ಜಾಗದಲ್ಲೇ ನೀರು ಜೀವ ತೆಗೆಯುತ್ತದೆ. 1997ರ ಆಗಸ್ಟ್‌ನಲ್ಲಿ ಪಕ್ಕದ ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಇದ್ದಕ್ಕಿದ್ದಂತೆ ಪ್ರವಾಹ ನುಗ್ಗಿ 11 ಜನ ಸತ್ತರು. ಮಳೆ ಸುರಿದಿದ್ದು ದೂರದಲ್ಲಿ, ಮೇಲಿನ ಪ್ರದೇಶದಲ್ಲಿ. ಬಂಡೆ ನೀರನ್ನು ಹೀರಿಕೊಳ್ಳುವುದಿಲ್ಲ, ಬಿದ್ದದ್ದೆಲ್ಲ ಕಿರಿದಾದ ಕಣಿವೆಗೇ ಇಳಿಯುತ್ತದೆ. ಹಾಗಾಗಿ ನೀವಿರುವ ಜಾಗದ ಹವಾಮಾನ ಮಾತ್ರವಲ್ಲ, ಆ ಹಳ್ಳಕ್ಕೆ ನೀರು ಎಲ್ಲಿಂದ ಬರುತ್ತದೋ ಅಲ್ಲಿನ ಹವಾಮಾನವನ್ನೂ ನೋಡಿ, ರೇಂಜರನ್ನು ಕೇಳಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಹುಷಾರು. ಇಕ್ಕಟ್ಟಿನ ಕಣಿವೆಯಲ್ಲಿ ತಲೆ ಎತ್ತಿ ನೋಡಿ: ಎಷ್ಟೋ ಎತ್ತರದಲ್ಲಿ ಗೋಡೆಗಳ ನಡುವೆ ಮರದ ದಿಮ್ಮಿ ಸಿಕ್ಕಿಕೊಂಡಿದ್ದರೆ, ಹಿಂದೊಮ್ಮೆ ನೀರು ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ. ಒಣ ಹಳ್ಳದ ನುಣ್ಣನೆ ಮರಳು ಕಂಡು ಟೆಂಟ್ ಹಾಕಬೇಡಿ. ಗುಡುಗು ಕೇಳಿದರೆ ಸಾಮಾನು ಬಿಟ್ಟಾದರೂ ಮೇಲೆ ಹತ್ತಿ.

ಬೋಳು ಬಂಡೆಯ ಮೇಲೆ ಕಾಲುದಾರಿ ಮೂಡುವುದಿಲ್ಲ, ಕಲ್ಲುಗುಪ್ಪೆಗಳೇ ಗುರುತು. ಮುಂದಿನ ಗುಪ್ಪೆ ಕಾಣುವವರೆಗೆ ಈಗಿರುವುದನ್ನು ಬಿಟ್ಟು ಹೋಗಬೇಡಿ, ಸುಮ್ನೆ ಹೊಸದನ್ನು ಕಟ್ಟಲೂಬೇಡಿ. ಅಕ್ಕಪಕ್ಕ ಕಪ್ಪಗೆ, ಗಂಟುಗಂಟಾಗಿ ಕಾಣುವ ಮಣ್ಣು ಜೀವಂತ. ಒಮ್ಮೆ ತುಳಿದರೆ ಸರಿಹೋಗಲು ಎಷ್ಟೋ ವರ್ಷ ಬೇಕು. ದಯವಿಟ್ಟು ಬಂಡೆ ಅಥವಾ ದಾರಿಯ ಮೇಲೇ ನಡೆಯಿರಿ. ಮಲವನ್ನೂ ಅದಕ್ಕೆಂದೇ ಸಿಗುವ ಚೀಲದಲ್ಲಿ ವಾಪಸ್ ತನ್ನಿ, ಇಲ್ಲಿ ಹೂತರೆ ಬೇಗ ಕೊಳೆಯುವುದಿಲ್ಲ.

ಒಳಗೆ ಫೋನ್ ಸಿಗ್ನಲ್ ನಂಬಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಯಾರಿಗಾದರೂ ಬರೆದು ಕೊಟ್ಟು ಹೋಗಿ. ಕಾರಿನಲ್ಲಿ ಇನ್ನೊಂದು ಕ್ಯಾನ್ ನೀರು ಇಟ್ಟು ಬೀಗ ಹಾಕಿ, ವಾಪಸ್ ಬಂದು ಡಿಕ್ಕಿ ತೆಗೆದಾಗ ಮೊದಲು ಬೇಕಾಗೋದು ಅದೇ.