ಜಿಗ್ ಇಲ್ಲದೆ ಬುಲೆಟ್ ಫ್ರೇಮ್ ಬದಲಿಸಿದ ನನ್ನ ಅನುಭವ

ಹಳೆಯ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350 ಬೈಕಿನ ಫ್ರೇಮನ್ನು ಹಿಂದಿನಿಂದ ಕತ್ತರಿಸಿ, ಸ್ವಿಂಗ್ ಆರ್ಮ್ (ಹಿಂಚಕ್ರದೊಂದಿಗೆ ಮೇಲೆ ಕೆಳಗೆ ಆಡುವ ತೋಳು) ಮತ್ತು ಶಾಕ್ ಅಬ್ಸಾರ್ಬರ್ ಇಲ್ಲದ ಹಾರ್ಡ್‌ಟೇಲ್ ಹಿಂಭಾಗವನ್ನು ಮನೆಯ ಶೆಡ್ಡಿನಲ್ಲೇ ಬೆಸೆಯುತ್ತೇನೆಂದು ನಾನು ಹೇಳಿದಾಗ, ಈ ಕೆಲಸ ಬಲ್ಲ ಮೂವರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಜಿಗ್ (ಬೆಸೆಯುವಾಗ ಭಾಗಗಳನ್ನು ಅಲುಗದಂತೆ ಹಿಡಿದಿಡುವ ಚೌಕಟ್ಟು) ಇಲ್ಲದೆ ಫ್ರೇಮ್ ನೇರ ಬರುವುದಿಲ್ಲ. ಮೊದಲ ಎರಡು ಫ್ರೇಮ್‌ಗಳ ಮಟ್ಟಿಗೆ ಅವರ ಮಾತೇ ನಿಜವಾಯಿತು. ಮೂರನೆಯದು ನೇರ ಬಂದಿದೆ; ಹಿಂದಿನ ಆಕ್ಸಲ್ ಮಧ್ಯರೇಖೆಯಿಂದ ಒಂದು ಮಿ.ಮೀ.ಗಿಂತಲೂ ಕಡಿಮೆ ಸರಿದಿದೆ. ಇದೇ ಹಾದಿ ಹಿಡಿಯುವವರಿಗೆ ನನ್ನ ಎರಡು ವರ್ಷಗಳ ಕೆಲಸದ ವಿವರ ನೆರವಾಗಬಹುದೆಂದು ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನವು, ಆಚೀಚೆ ಇರಬಹುದು.

ಮೊದಲ ಫ್ರೇಮಿನಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಪೈಪಿನ ಆಯ್ಕೆ. ಅಗ್ಗಕ್ಕೆ ಸಿಕ್ಕಿತೆಂದು ಸತು ಲೇಪಿಸಿದ ಜಿಐ ಪೈಪ್ ತಂದೆ. ಸತುವಿನ ಲೇಪನವನ್ನು ಕೀಲುಗಳ ಬಳಿ ಉಜ್ಜಿ ತೆಗೆದಿದ್ದೆನಾದರೂ ಪೈಪಿನ ಒಳಗೋಡೆಯಲ್ಲಿ ಅದು ಹಾಗೆಯೇ ಉಳಿದಿತ್ತು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ವೆಲ್ಡ್ ಮಾಡಿ ಸತುವಿನ ಹೊಗೆ ಕುಡಿದಿದ್ದಕ್ಕೆ ಆ ರಾತ್ರಿಯಿಡೀ ಚಳಿಜ್ವರ ಬಂದು ನಡುಗಿದೆ. ಬೆಸುಗೆಯೂ ಗುಳ್ಳೆಗಟ್ಟಿ ಜಾಲರಿಯಂತಾಗಿತ್ತು. ಪೈಪನ್ನು ಬಗ್ಗಿಸಲು ಕೊಳಾಯಿಯವರ ಹೈಡ್ರಾಲಿಕ್ ಬೆಂಡರ್ ಬಳಸಿದ್ದು ಎರಡನೆಯ ತಪ್ಪು. ಅದರ ಅಚ್ಚುಗಳು ನೀರಿನ ಪೈಪಿನ ಅಳತೆಯವು, ನಮ್ಮ ಟ್ಯೂಬಿನ ಹೊರವ್ಯಾಸಕ್ಕೆ ಹೊಂದುವಂಥವಲ್ಲ. ಪ್ರತಿ ಬಾಗಿನ ಒಳಮೈಯೂ ಚಪ್ಪಟೆಯಾಯಿತು. ಇವೆಲ್ಲ ಸಾಲದೆಂಬಂತೆ ಚಾಪರ್ ನೋಟದ ಆಸೆಗೆ ಹೆಡ್‌ಸ್ಟಾಕನ್ನು (ಫೋರ್ಕಿನ ಕಂಬ ಕೂರುವ, ಫ್ರೇಮಿನ ಮುಂಗೊಳವೆ) ಕತ್ತರಿಸಿ ರೇಕನ್ನು, ಅಂದರೆ ಅದರ ಓರೆಯನ್ನು, ಐದು ಡಿಗ್ರಿಯಷ್ಟು ಹೆಚ್ಚಿಸಿದೆ. ಫೋರ್ಕಿನ ಯೋಕ್ (ಅದರ ಎರಡು ಕಾಲುಗಳನ್ನು ಹಿಡಿದಿರುವ ಭಾಗ) ಹಳೆಯದೇ ಆಗಿದ್ದುದರಿಂದ ಟ್ರೇಲ್ (ಹೆಡ್‌ಸ್ಟಾಕಿನ ಓರೆಗೆರೆ ನೆಲ ಮುಟ್ಟುವಲ್ಲಿಂದ ಟಯರು ನೆಲ ಮುಟ್ಟುವಲ್ಲಿಗೆ ಇರುವ ದೂರ) ಸುಮಾರು ಮೂರೂವರೆ ಸೆಂ.ಮೀ. ಹೆಚ್ಚಾಯಿತು. ನಿಧಾನ ವೇಗದಲ್ಲಿ ಹ್ಯಾಂಡಲ್ ತಾನಾಗಿಯೇ ಪಕ್ಕಕ್ಕೆ ಬೀಳುತ್ತಿತ್ತು, ಅದನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ತೋಳು ಸೋಲುತ್ತಿತ್ತು. ಹೊಸ ಯೋಕ್ ಮಾಡಿಸುವ ಶಕ್ತಿಯಿಲ್ಲದವರು ಹೆಡ್‌ಸ್ಟಾಕನ್ನು ಮುಟ್ಟಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಫ್ರೇಮಿಗೆ ಮೂರು ಮಿ.ಮೀ. ದಪ್ಪದ, ಒಂದೂಕಾಲು ಇಂಚು ಹೊರವ್ಯಾಸದ ಸೀಮ್‌ಲೆಸ್ ಟ್ಯೂಬ್ ತಂದೆ. ಬಾಗುಗಳಿಗೆ ಹಳೆಯ ಕಮ್ಮಾರರ ಕ್ರಮವನ್ನೇ ಹಿಡಿದೆ: ನುಣ್ಣನೆಯ ಮರಳನ್ನು ಬಾಣಲೆಯಲ್ಲಿ ಹುರಿದು ಸಂಪೂರ್ಣ ಒಣಗಿಸಿ, ಟ್ಯೂಬಿನೊಳಗೆ ಕುಟ್ಟಿ ಕುಟ್ಟಿ ತುಂಬಿ, ಎರಡೂ ತುದಿಗೆ ಬಿರಡೆ ಹಾಕಿ, ಕೆಂಪಗೆ ಕಾಯಿಸಿ ಬಗ್ಗಿಸುವುದು. ಮರಳಿನಲ್ಲಿ ಸ್ವಲ್ಪ ತೇವ ಉಳಿದರೂ ಆವಿಯ ಒತ್ತಡಕ್ಕೆ ಬಿರಡೆ ಗುಂಡಿನಂತೆ ಹಾರುತ್ತದೆ, ಆದ್ದರಿಂದ ಹುರಿಯುವುದರಲ್ಲಿ ಅವಸರ ಕೂಡದು. ಬಾಗುಗಳು ಚೆನ್ನಾಗಿಯೇ ಬಂದವು. ಆದರೆ ಫ್ರೇಮಿನ ಎಡಗಾಲನ್ನು (ಆಕ್ಸಲ್‌ವರೆಗೆ ಹೋಗುವ ಎಡಬದಿಯ ಟ್ಯೂಬುಗಳನ್ನು) ಪೂರ್ತಿ ಬೆಸೆದು ಮುಗಿಸಿ ಅನಂತರ ಬಲಗಾಲಿಗೆ ಕೈ ಹಾಕಿದ್ದರಿಂದ ಬೆಸುಗೆ ತಣಿದು ಕುಗ್ಗುವಾಗ ಇಡೀ ಹಿಂಭಾಗವನ್ನು ಎಡಕ್ಕೆ ಎಳೆದುಕೊಂಡಿತು. ಎರಡು ಚಕ್ರಗಳ ಉದ್ದಕ್ಕೂ ದಾರ ಹಿಡಿದು ನೋಡಿದಾಗ ಆಕ್ಸಲ್ ಸುಮಾರು 7 ಮಿ.ಮೀ. ಸರಿದಿತ್ತು. ಎದುರು ಬದಿಗೆ ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಎಳೆದು 3 ಮಿ.ಮೀ.ಗೆ ತಂದೆನಾದರೂ, ಹಾಗೆ ಮತ್ತೆ ಮತ್ತೆ ಕಾಯಿಸಿದ ಟ್ಯೂಬಿನ ಮೇಲೆ ಕುಳಿತು ಓಡಾಡಲು ಮನಸ್ಸು ಒಪ್ಪಲಿಲ್ಲ.

ದಾರಿ ಸಿಕ್ಕಿದ್ದು ಬುಲೆಟ್ಟಿನ ರಚನೆಯಲ್ಲೇ. ಇದರ ಫ್ರೇಮಿನ ಮುಂದೆ ಇರುವುದು ಒಂದೇ ಡೌನ್‌ಟ್ಯೂಬ್ (ಹೆಡ್‌ಸ್ಟಾಕಿನಿಂದ ಕೆಳಗಿಳಿಯುವ ಕೊಳವೆ). ಎಂಜಿನ್ನಿನ ಕೆಳಗೆ ಅದನ್ನು ಹೊರುವ ಟ್ಯೂಬಿನ ತೊಟ್ಟಿಲಿಲ್ಲ. ಮುಂದಿನ ಟ್ಯೂಬನ್ನೂ ಹಿಂದಿನ ಭಾಗವನ್ನೂ ಜೋಡಿಸುವುದು ಎಂಜಿನ್ ಮತ್ತು ಅದರ ಬೆನ್ನಿಗೇ ಕೂರುವ ಗೇರ್‌ಬಾಕ್ಸ್. ಅವನ್ನು ಇಳಿಸಿದ ಕ್ಷಣದಲ್ಲೇ ಫ್ರೇಮಿನ ಕೆಳಭಾಗ ಬಾಯಿ ತೆರೆದ ಇಕ್ಕಳದಂತಾಗುತ್ತದೆ, ಆ ಸ್ಥಿತಿಯಲ್ಲಿ ಬೆಸೆದದ್ದು ನೇರ ಉಳಿಯುವುದಿಲ್ಲ. ಹಾಗೆಂದು ಓಡುವ ಎಂಜಿನ್ನನ್ನೇ ಕೂರಿಸಿ ವೆಲ್ಡ್ ಮಾಡಿದರೆ ಕರೆಂಟ್ ಬೇರಿಂಗುಗಳ ಮೂಲಕ ಹರಿದು ಅವನ್ನು ಹಾಳುಮಾಡುವ ಭಯ. ಆದ್ದರಿಂದ ಗುಜರಿಯಲ್ಲಿ ಒಡೆದ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಕವಚ) ಒಂದನ್ನೂ ಗೇರ್‌ಬಾಕ್ಸಿನ ಖಾಲಿ ಹೊರಕವಚವನ್ನೂ ತೂಕದ ಲೆಕ್ಕದಲ್ಲಿ ಕೊಂಡು, ಬೋಲ್ಟ್ ರಂಧ್ರಗಳಿಗೆ ಬುಷ್ ಹಾಕಿ ಸಡಿಲ ತೆಗೆದು, ಅವನ್ನೇ ಫ್ರೇಮಿನಲ್ಲಿ ಬಿಗಿದೆ. ನನ್ನ ಜಿಗ್ ಅದೇ. ಕಾರ್ಖಾನೆ ಕೊರೆದ ರಂಧ್ರಗಳಿಗಿಂತ ನಿಖರವಾದ ಜಿಗ್ ಮನೆಯಲ್ಲಿ ಮಾಡಲಾಗದು ಎಂಬುದನ್ನು ಆ ಮೂವರಲ್ಲಿ ಯಾರೂ ಯೋಚಿಸಿರಲಿಲ್ಲ.

ಮೂರನೆಯ ಫ್ರೇಮ್ ಕೊಳ್ಳುವ ಮೊದಲೇ ಹೆಡ್‌ಸ್ಟಾಕಿನಲ್ಲಿ ನೇರವಾದ ಸರಳು ತೂರಿಸಿ, ಸ್ವಿಂಗ್ ಆರ್ಮ್ ಪಿವಟ್ಟಿನಲ್ಲಿ ಇನ್ನೊಂದು ತೂರಿಸಿ, ಎರಡರ ನಡುವಿನ ಕರ್ಣಗಳನ್ನು ಅಳೆದು ನೋಡಿದೆ. ಹಳೆಯ ಫ್ರೇಮ್‌ಗಳಲ್ಲಿ ಅಪಘಾತದ ತಿರುಚು ಕಣ್ಣಿಗೆ ಕಾಣುವುದಿಲ್ಲ; ನನ್ನ ಮೊದಲ ಫ್ರೇಮ್ ಕೊಳ್ಳುವಾಗಲೇ ತಿರುಚಿತ್ತೆಂದು ಈಗ ಅನುಮಾನವಿದೆ. ಕೀಲುಗಳೊಳಗೆ ಎರಡೂ ಬದಿಗೆ ಸುಮಾರು 40 ಮಿ.ಮೀ. ಹೋಗುವಂತೆ ಸ್ಲಗ್ (ಟ್ಯೂಬಿನೊಳಗೆ ಕೂರುವ ಲೋಹದ ತುಂಡು) ತೂರಿಸಿ, ಟ್ಯೂಬಿನ 8 ಮಿ.ಮೀ. ರಂಧ್ರಗಳನ್ನು ತುಂಬುವ ಪ್ಲಗ್ ವೆಲ್ಡ್ ಹಾಕಿದೆ. ಮೀನಿನ ಬಾಯಿಯಂತೆ ಕತ್ತರಿಸಿದ ಅಂಚುಗಳನ್ನು ಅರದಿಂದ ಉಜ್ಜಿ ಉಜ್ಜಿ, ಬ್ಲೇಡ್ ತೂರದಷ್ಟು ಹೊಂದಿಸಲು ಒಂದೊಂದು ಕೀಲಿಗೂ ಒಂದು ಸಂಜೆ ಬೇಕಾಯಿತು. ಬೆಸುಗೆಯ ಸಂದು ಕಿರಿದಾದಷ್ಟೂ ಎಳೆತ ಕಡಿಮೆ. ಟ್ಯಾಕ್‌ಗಳಿಗೆ (ಮೊದಲು ಹಿಡಿದಿಡುವ ಚುಕ್ಕಿ ಬೆಸುಗೆಗಳಿಗೆ) ಆರ್ಕ್, ಪೂರ್ಣ ಬೆಸುಗೆಗೆ ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯುವ ಬಾಡಿಗೆ ಟಿಗ್ ಯಂತ್ರ ಬಳಸಿದೆ. ಒಮ್ಮೆಗೆ ಒಂದು ಇಂಚು ಮಾತ್ರ, ಎಡಕ್ಕೊಂದು ಬಲಕ್ಕೊಂದು, ಮೇಲಕ್ಕೊಂದು ಕೆಳಕ್ಕೊಂದು. ಕೈಯಿಟ್ಟು ಮುಟ್ಟುವಷ್ಟು ತಣಿದ ಮೇಲೆಯೇ ಮುಂದಿನದು, ಪ್ರತಿ ನಾಲ್ಕು ಇಂಚಿಗೊಮ್ಮೆ ಅಳತೆ. ಎರಡು ಕಾಲುಗಳನ್ನು ಮೊದಲೇ ಎಷ್ಟು ಹೊರಕ್ಕೆ ಸರಿಸಿಟ್ಟೆ ಮತ್ತು ಕೊನೆಯ ನಾಲ್ಕು ಬೆಸುಗೆಗಳ ಕ್ರಮವೇನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದನ್ನು ಕಲಿಯಲು ನಾನು ಎರಡು ಫ್ರೇಮ್ ಕಳೆದುಕೊಂಡಿದ್ದೇನೆ.

ಹಿಂಭಾಗವನ್ನು ಮೂರು ಇಂಚು ಉದ್ದ ಮಾಡಿದ್ದರಿಂದ, 1370 ಮಿ.ಮೀ. ಇದ್ದ ವೀಲ್‌ಬೇಸ್ ಸುಮಾರು 1445ಕ್ಕೆ ಏರಿತು, ಚೈನಿಗೆ ಹತ್ತು ಕೊಂಡಿ ಸೇರಿಸಬೇಕಾಯಿತು. ಚಕ್ರ ಮೇಲೆ ಕೆಳಗೆ ಆಡದ ಕಾರಣ ಚೈನಿನ ಸಡಿಲ ಎಲ್ಲೆಡೆ ಒಂದೇ ಸಮ ಇರುತ್ತದೆ, ಇದು ಹಾರ್ಡ್‌ಟೇಲಿನ ನಿಜವಾದ ಸುಖ. ಬ್ರೇಕ್ ರಾಡ್ ಉದ್ದ ಮಾಡಿದ ನಾನು ಡ್ರಮ್ ಪ್ಲೇಟಿನ ಆಧಾರ ತೋಳಿಗೆ ಫ್ರೇಮಿನಲ್ಲಿ ಕಿವಿ ಇಡುವುದನ್ನೇ ಮರೆತಿದ್ದೆ. ಬಣ್ಣ ಹಚ್ಚಿದ ಮೇಲೆ ನೆನಪಾಗಿ, ಬಣ್ಣ ಸುಟ್ಟು ಮತ್ತೆ ಬೆಸೆದೆ. ಆ ತೋಳಿಲ್ಲದೆ ಬ್ರೇಕ್ ಒತ್ತಿದರೆ ಪ್ಲೇಟೇ ಚಕ್ರದೊಂದಿಗೆ ತಿರುಗುತ್ತದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೂ ಮರೆಯುತ್ತದೆ.

ಈ ನಡುವೆ ಬ್ಯಾಟರಿಯನ್ನೇ ತೆಗೆದು ಕೆಪ್ಯಾಸಿಟರ್ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗ) ಮೇಲೆ ಓಡಿಸುವ ಪ್ರಯೋಗವನ್ನೂ ಮಾಡಿದೆ. ಬುಲೆಟ್ಟಿನ ಆಯಿಲ್ ಕ್ರ್ಯಾಂಕ್‌ಕೇಸಿನೊಳಗೇ ಇರುವುದರಿಂದ ಬೇರೆ ಟ್ಯಾಂಕಿನ ಗೊಡವೆಯಿಲ್ಲ, ಬ್ಯಾಟರಿಯೂ ಹೋದರೆ ಸೀಟಿನ ಕೆಳಗೆ ಗಾಳಿಯಾಡುವಷ್ಟು ಜಾಗ ಖಾಲಿಯಾಗುತ್ತದೆ. ಸುಮಾರು 22,000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದಾಗ ಮೂರನೆಯ ನಾಲ್ಕನೆಯ ಕಿಕ್ಕಿಗೆ ಎಂಜಿನ್ ಹಿಡಿಯಿತು. ಐಡಲಿನಲ್ಲಿ ಹೆಡ್‌ಲೈಟ್ ಹಣತೆಯಷ್ಟೇ ಬೆಳಕು ಕೊಡುತ್ತಿದ್ದುದರಿಂದ ಕೊನೆಗೆ ಪುಟ್ಟ ಬ್ಯಾಟರಿಗೇ ಮರಳಿದೆ.

ಹಣದ ಲೆಕ್ಕ ಹೀಗಿದೆ. ಗಾಡಿಗೆ ಕೊಟ್ಟ ಬೆಲೆಯ ಸುಮಾರು ಮುಕ್ಕಾಲು ಪಾಲು ಈ ಕೆಲಸಕ್ಕೆ ಹೋಯಿತು. ಅದರಲ್ಲಿ ಅರ್ಧದಷ್ಟು ಹಾಳಾದ ಎರಡು ಫ್ರೇಮ್‌ಗಳದ್ದೇ. ಟ್ಯೂಬಿನ ಖರ್ಚು ಹತ್ತರಲ್ಲೊಂದು ಪಾಲೂ ಇಲ್ಲ. ಟಿಗ್ ಬಾಡಿಗೆ ಮತ್ತು ಆರ್ಗಾನ್ ಅದರ ಎರಡು ಪಟ್ಟು. ಒಂದು ರಾತ್ರಿ ರೆಗ್ಯುಲೇಟರಿನ ಜೋಡಣೆ ಸಡಿಲವಿದ್ದು, ಆಗಷ್ಟೇ ತುಂಬಿಸಿ ತಂದ ಸಿಲಿಂಡರ್ ಬೆಳಗಾಗುವುದರೊಳಗೆ ಖಾಲಿಯಾಗಿತ್ತು. ಅಂದಿನಿಂದ ಕೆಲಸ ಮುಗಿದೊಡನೆ ಸಿಲಿಂಡರಿನ ಬಾಯಿಯನ್ನೇ ಮುಚ್ಚುತ್ತೇನೆ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡುತ್ತೇನೆ. ಇದೇ ಕೆಲಸಕ್ಕೆ ಹೊರಗೆ ಕೇಳಿದ ಕೂಲಿ ಗಾಡಿಯ ಪೂರ್ತಿ ಬೆಲೆಗೆ ಸಮನಿತ್ತು.

ಬೆಸೆದ ಫ್ರೇಮ್ ರಸ್ತೆಗೆ ಸಲ್ಲುವುದಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ಅದಕ್ಕಾಗಿಯೇ ನನ್ನ ಗಾಡಿಯ ಮೂಲ ಫ್ರೇಮಿಗೆ ಗರಗಸ ಮುಟ್ಟಿಸದೆ, ಗ್ರೀಸ್ ಸವರಿ ಅಟ್ಟದ ಮೇಲೆ ಇಟ್ಟಿದ್ದೇನೆ. ಹಾರ್ಡ್‌ಟೇಲ್ ಓಡುವುದು ತೋಟದೊಳಗಿನ ಖಾಸಗಿ ಮಣ್ಣುದಾರಿಯಲ್ಲಿ ಮಾತ್ರ.

ಮುನ್ನೂರು ಕಿ.ಮೀ. ಆದಾಗ ಬಣ್ಣ ಕೆರೆದು, ಬಿರುಕು ತೋರಿಸುವ ಕೆಂಪು ಡೈ ಮತ್ತು ಬಿಳಿ ಡೆವಲಪರ್ ಹಚ್ಚಿ ಎಲ್ಲ ಕೀಲುಗಳನ್ನೂ ಪರೀಕ್ಷಿಸಿದೆ. ಎಡಗಡೆಯ ಕೆಳಕೀಲಿನ ಗಸೆಟ್ (ಕೀಲಿಗೆ ಬಲ ಕೊಡುವ ತಗಡು) ಚೂಪಾಗಿ ಮುಗಿದಿದ್ದ ಕಡೆ ಕೂದಲೆಳೆಯಂಥ ಕೆಂಪು ಗೆರೆ ಎದ್ದಿತು. ಬೆಸುಗೆ ಗಟ್ಟಿಯಾಗಿಯೇ ಇತ್ತು, ಗಸೆಟ್ಟಿನ ತುದಿಯೇ ಒತ್ತಡವನ್ನೆಲ್ಲ ಒಂದೆಡೆ ಕೂಡಿಸಿತ್ತು. ಬಿರುಕಿನ ಉದ್ದಕ್ಕೂ ಕೊರೆದು ತೆಗೆದು ಮತ್ತೆ ಬೆಸೆದು, ಗಸೆಟ್ಟಿನ ಅಂಚನ್ನು ದುಂಡಗೆ ಕತ್ತರಿಸಿ ಕೂರಿಸಿದೆ. ಬಲಗಡೆಯದನ್ನೂ ಹಾಗೆಯೇ ಬದಲಿಸಿದೆ. ಈಗ ಏಳುನೂರು ಕಿ.ಮೀ. ದಾಟಿದೆ, ಎರಡು ಸಲ ಡೈ ಹಚ್ಚಿ ನೋಡಿದ್ದೇನೆ, ಗೆರೆ ಕಂಡಿಲ್ಲ. ಹಿಂದಿನ ಟಯರಿನಲ್ಲಿ ಗಾಳಿಯನ್ನು 22 ಪಿಎಸ್‌ಐ ಇಟ್ಟುಕೊಂಡರೆ ಸ್ಪ್ರಿಂಗ್ ಸೀಟಿನ ಮೇಲೆ ಸೊಂಟ ತಡೆಯುತ್ತದೆ.

ಜಿಗ್ ಇಲ್ಲದೆ ಆಗದು ಎಂದವರಲ್ಲಿ ಒಬ್ಬರು ಕಳೆದ ತಿಂಗಳು ಬಂದು, ತಾವೇ ತಂದಿದ್ದ ದಾರವನ್ನು ಎರಡು ಚಕ್ರಗಳಿಗೂ ಹಿಡಿದು ಮೂರು ಸಲ ಅಳೆದರು. ಆಮೇಲೆ ಒಡೆದ ಕ್ರ್ಯಾಂಕ್‌ಕೇಸ್ ಎಲ್ಲಿದೆಯೆಂದು ಕೇಳಿದರು. ಅದೀಗ ಅವರ ಶೆಡ್ಡಿನಲ್ಲಿದೆ.