ಬಿ.ಇಂಜ್‌ಗೆ ಸೇರಿ ಎಂ.ಇಂಜ್‌ಗೆ ಹತ್ತಿದ ಕಥೆ

"ನಾಲ್ಕು ವರ್ಷ ಓದಿದ್ರೂ ಒಂದೇ ಸರ್ಟಿಫಿಕೇಟಾ?" ಚಿಕ್ಕಪ್ಪ ಈ ಪ್ರಶ್ನೆಯನ್ನು ಬಿಡದೆ ಕೇಳಿದರು. ಇಂಗ್ಲೆಂಡಿನಲ್ಲಿ ನಾನು ಓದಿದ್ದು ಎಂ.ಇಂಜ್, ಅಂದರೆ ಬ್ಯಾಚುಲರ್, ಮಾಸ್ಟರ್ಸ್ ಎರಡೂ ಮಟ್ಟದ ಓದು ಒಂದರಲ್ಲೇ ಸೇರಿದ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿ. ಮೂರು ವರ್ಷದ ಬಿ.ಇಂಜ್ (ಬರೀ ಬ್ಯಾಚುಲರ್ ಪದವಿ) ಮುಗಿಸು, ಆಮೇಲೆ ದೊಡ್ಡ ಹೆಸರಿನ ಕಡೆ ಎಂ.ಎಸ್ಸಿ ಮಾಡು ಅನ್ನೋದು ಅವರ ಲೆಕ್ಕ. ಇಂಗ್ಲೆಂಡಿನಲ್ಲಿ ಓದುವ ನಮ್ಮ ಹುಡುಗರೂ ಅದನ್ನೇ ಹೇಳಿದರು. 2025ರ ಬೇಸಿಗೆಯಲ್ಲಿ ನನ್ನ ಎಂ.ಇಂಜ್ ಮುಗೀತು. ಈಗ ಧೈರ್ಯವಾಗಿ ಬರೆಯಬಹುದು.

ನಿಜ ಹೇಳಬೇಕಂದ್ರೆ ಮೊದಲು ನನಗೆ ಎಂ.ಇಂಜ್ ಸೀಟೇ ಸಿಗಲಿಲ್ಲ. ಎ-ಲೆವೆಲ್ (ನಮ್ಮ ಪಿಯುಸಿ ಥರದ ಪರೀಕ್ಷೆ) ಗಣಿತದಲ್ಲಿ ಎ ಬೇಕಿತ್ತು, ಬಿ ಬಂತು. ಅಲ್ಲೇ ಮೆಕ್ಯಾನಿಕಲ್ ಬಿ.ಇಂಜ್‌ಗೆ ಸೇರಿಕೊಂಡೆ. ಮೊದಲೆರಡು ವರ್ಷ ಎರಡಕ್ಕೂ ಪಾಠ ಒಂದೇ. ಎರಡನೇ ವರ್ಷದ ಸರಾಸರಿ 60 ದಾಟಿದರೆ ಎಂ.ಇಂಜ್‌ಗೆ ಬದಲಾಯಿಸಬಹುದು ಅಂತ ನಮ್ಮ ಹ್ಯಾಂಡ್‌ಬುಕ್‌ನಲ್ಲಿ ಒಂದು ಸಾಲಿತ್ತು. ಅದನ್ನೇ ಗಟ್ಟಿಯಾಗಿ ಹಿಡಿದೆ.

ಮೊದಲ ವರ್ಷ 54. ಎರಡನೇ ವರ್ಷದ ಜನವರಿಯಲ್ಲಿ ಥರ್ಮೋಡೈನಾಮಿಕ್ಸ್‌ನಲ್ಲಿ 43. "ಬಿ.ಇಂಜ್ ಕೂಡ ಒಳ್ಳೆ ಡಿಗ್ರಿನೇ" ಅಂತ ಟ್ಯೂಟರ್ ಸಮಾಧಾನ ಮಾಡಿದರು. ಆವತ್ತು ರಾತ್ರಿ ಎಕ್ಸೆಲ್ ತೆಗೆದು ಅಂಕ ಎಲ್ಲೆಲ್ಲಿ ಸೋರುತ್ತಿದೆ ಅಂತ ಲೆಕ್ಕ ಹಾಕಿದೆ. ಪರೀಕ್ಷೆಗಿಂತ ಲ್ಯಾಬ್ ರಿಪೋರ್ಟಿನಲ್ಲೇ ಜಾಸ್ತಿ ಹೋಗುತ್ತಿತ್ತು. ಅದನ್ನು ಹೇಗೆ ಸರಿ ಮಾಡಿಕೊಂಡೆ ಅಂತ ಇಲ್ಲಿ ಹೇಳೋಲ್ಲ. ತಂಗಿ ಈಗ ಅದೇ ಕೋರ್ಸಿನಲ್ಲಿದ್ದಾಳೆ, ಅವಳು ಮೊದಲು ಪಾಸಾಗಲಿ. ಕೊನೆಗೆ 61 ಚಿಲ್ಲರೆ ಬಂತು.

ಇನ್ನು ದುಡ್ಡು. ನಾನು ಹೋಮ್ ಫೀಸಿನವನು, ಅಂದರೆ ಅಲ್ಲಿನವರಿಗಿರುವ ಕಡಿಮೆ ಫೀಸು ಕಟ್ಟುವವನು. ನಾಲ್ಕನೇ ವರ್ಷಕ್ಕೂ ಆಗ ಅದೇ 9,250 ಪೌಂಡ್ ಫೀಸು ಇತ್ತು, ಅದೇ ಅಂಡರ್‌ಗ್ರಾಜುಯೇಟ್ ಸಾಲ ಸಿಕ್ಕಿತು, ಮೇಲೆ ಊಟ, ಬಾಡಿಗೆಗೆ ಮೇಂಟೆನೆನ್ಸ್ ಸಾಲ ಬೇರೆ. ಎಂ.ಎಸ್ಸಿ ಆಗಿದ್ದರೆ ಫೀಸು, ಊಟ, ಬಾಡಿಗೆ ಎಲ್ಲಕ್ಕೂ ಸೇರಿ ಆಗ ಹನ್ನೆರಡು ಸಾವಿರ ಚಿಲ್ಲರೆ ಪೌಂಡ್ ಸಾಲ ಅಷ್ಟೇ ಸಿಗುತ್ತಿತ್ತು. ನಾನು ನೋಡಿದ ಕೋರ್ಸಿನ ಫೀಸೇ 14,000 ಹತ್ತಿರ! ಸಾಲದಲ್ಲಿ ಇನ್ನೊಂದು ಕೊಕ್ಕೆ ಇದೆ. ಸಂಬಳ ಮಿತಿ ದಾಟಿದಾಗ, ಮಿತಿಗಿಂತ ಮೇಲಿನ ಸಂಬಳದಲ್ಲಿ ಹಳೇ ಸಾಲಕ್ಕೆ 9% ಕಟ್ಟುವ ಜೊತೆಗೆ ಎಂ.ಎಸ್ಸಿ ಸಾಲಕ್ಕೆ ಬೇರೆ 6% ಹೋಗುತ್ತೆ. ಚಿಕ್ಕಪ್ಪನ ಲೆಕ್ಕದಲ್ಲಿ ಇದು ಇರಲೇ ಇಲ್ಲ. ಆದರೆ ನಾಲ್ಕನೇ ವರ್ಷಕ್ಕೂ ಹಳೇ ಸಾಲವೇ ಸಿಗಬೇಕಂದ್ರೆ ಬಿ.ಇಂಜ್ ಪದವಿ ಪಡೆಯೋಕೆ ಮುಂಚೆಯೇ ಎಂ.ಇಂಜ್‌ಗೆ ಬದಲಾಯಿಸಿಕೊಳ್ಳಬೇಕು. ನನ್ನ ಬದಲಾವಣೆಯನ್ನು ಯೂನಿವರ್ಸಿಟಿ ಆಫೀಸಿನವರು ಸ್ಟೂಡೆಂಟ್ ಫೈನಾನ್ಸ್‌ಗೆ (ಸಾಲ ಕೊಡುವ ಸರ್ಕಾರಿ ವ್ಯವಸ್ಥೆ) ತಿಳಿಸೋದನ್ನೇ ಮರೆತು, ಮೊದಲ ಕಂತು ಏಳು ವಾರ ತಡವಾಯಿತು. ಅಷ್ಟು ದಿನ ರೂಮ್‌ಮೇಟ್ ಹತ್ತಿರ ಕೈಸಾಲ.

ಸುಮ್ನೆ ಕುತೂಹಲಕ್ಕೆ ನಮ್ಮಲ್ಲೇ ಎಂ.ಎಸ್ಸಿ ವಿಷಯಗಳ ಪಟ್ಟಿ ತೆಗೆದು ನೋಡಿದೆ. ಎಂಟರಲ್ಲಿ ಐದು ನಮ್ಮ ನಾಲ್ಕನೇ ವರ್ಷದವೇ, ಅದೇ ಮೇಷ್ಟ್ರು, ಅದೇ ಕ್ಲಾಸು. ಅವರಿಗೆ 180 ಕ್ರೆಡಿಟ್ (ಓದಿನ ಹೊರೆಯ ಅಳತೆ), ಸೆಪ್ಟೆಂಬರ್‌ವರೆಗೂ ಥೀಸಿಸ್. ನಮಗೆ 120, ಜೂನ್‌ಗೆ ಆಟ ಮುಗೀತು.

ಹಾಗಂತ ಆ ವರ್ಷ ಸಲೀಸೇನಲ್ಲ. ಪಾಸ್ ಅಂಕ ಹಿಂದಿನ ವರ್ಷಗಳ ಹಾಗೆ 40 ಅಲ್ಲ, 50. ಫೈನೈಟ್ ಎಲಿಮೆಂಟ್ ಅನ್ನೋ ವಿಷಯದಲ್ಲಿ 46 ತಗೊಂಡು ಮತ್ತೆ ಬರೆದೆ. ಗ್ರೂಪ್ ಪ್ರಾಜೆಕ್ಟಿನಲ್ಲಿ ಐದು ಜನ ಸೇರಿ ಮೆಟ್ಟಿಲು ಹತ್ತುವ ಗಾಲಿಕುರ್ಚಿ ಮಾಡಿದ್ದೆವು. ಡೆಮೊ ದಿನ ಮೂರನೇ ಮೆಟ್ಟಿಲಲ್ಲಿ ಚೈನ್ ಕಳಚಿತು. ಪುಣ್ಯಕ್ಕೆ ಕುರ್ಚಿಯಲ್ಲಿ ಮನುಷ್ಯರಿರಲಿಲ್ಲ, ಮರಳು ಮೂಟೆ ಇತ್ತು.

ಮಾನ್ಯತೆ ಇರುವ ಎಂ.ಇಂಜ್ ಆದ್ದರಿಂದ ಚಾರ್ಟರ್ಡ್ ಎಂಜಿನಿಯರ್ (ಅಲ್ಲಿ ಎಂಜಿನಿಯರ್‌ಗಳಿಗೆ ಸಿಗುವ ವೃತ್ತಿಪರ ಮಾನ್ಯತೆ) ಆಗಲು ಬೇಕಾದ ಓದು ಇಲ್ಲಿಗೆ ಪೂರ್ತಿ. ಬರೀ ಬಿ.ಇಂಜ್ ಆಗಿದ್ದರೆ ಇನ್ನೂ ಓದಿದ್ದು ತೋರಿಸಬೇಕಿತ್ತು. ಇದನ್ನೆಲ್ಲ ಚಿಕ್ಕಪ್ಪನಿಗೆ ವಿವರಿಸಿದೆ. ಅವರು ಸರ್ಟಿಫಿಕೇಟ್ ತಿರುಗಿಸಿ ಹಿಂದುಗಡೆಯೂ ನೋಡಿ ವಾಪಸ್ ಕೊಟ್ಟರು.